ಹ್ಯಾಂಡಲಿನ ತಂತಿಗಳು: ಜೋಡಣೆ ಮತ್ತು ರಕ್ಷಣೆ

ಕಲಾವಿಭಾಗದ ವಿದ್ಯಾರ್ಥಿಗೆ ಮೋಟಾರು ಸೈಕಲಿನ ತಂತಿಗಳ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ನಾನು ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವವನು. ವಿದ್ಯುತ್ತಿನ ವಿಷಯದಲ್ಲಿ ಪ್ರೌಢಶಾಲೆಯಲ್ಲಿ ಕಲಿತುದರ ಹೊರತು ನನಗೆ ಬೇರೆ ಪಾಂಡಿತ್ಯವಿಲ್ಲ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಬೈಕಿಲ್ಲದ ಮನೆ ಅಪರೂಪ. ಬಸ್ಸು ಹೋಗದ ಊರಿಗೆ ಬೈಕು ಹೋಗುತ್ತದೆ. ಹಾಲಿನ ಕ್ಯಾನು, ಅಡಿಕೆಯ ಮೂಟೆ, ಶಾಲೆಯ ಮಗು, ಜ್ವರ ಬಂದ ಮುದುಕಿ ಎಲ್ಲಕ್ಕೂ ಅದೇ ವಾಹನ. ಹೀಗಿರುವಲ್ಲಿ ಅದರ ಹ್ಯಾಂಡಲಿನೊಳಗೆ ಹಾದುಹೋಗುವ ನಾಲ್ಕಾರು ತಂತಿಗಳ ವಿಚಾರವನ್ನು ಬಲ್ಲವರಿಗೇ ಬಿಟ್ಟು ಸುಮ್ಮನಿರುವುದು ಉಚಿತವಲ್ಲವೆಂದು ನನಗೆ ತೋರಿದೆ. ಹಾಗೆ ತೋರಲು ಒಂದು ಸ್ವಂತ ಕಾರಣವೂ ಉಂಟು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ಆಷಾಢದ ಸಂಜೆ ನಾನು ಅಪ್ಪಯ್ಯನನ್ನು ಸಾಗರದ ಕಣ್ಣಿನ ವೈದ್ಯರಿಗೆ ತೋರಿಸಿಕೊಂಡು ಹಿಂದಿರುಗುತ್ತಿದ್ದೆ. ನಮ್ಮ ಮನೆ ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ. ಹೊಸನಗರ ದಾಟಿದಾಗಲೇ ಕತ್ತಲಾಗಿತ್ತು. ಮಳೆಯೋ, ಹಿಡಿದದ್ದು ಬಿಡುವಂತಿರಲಿಲ್ಲ. ಒಂದು ತಿರುವಿನಲ್ಲಿ ಹ್ಯಾಂಡಲನ್ನು ಎಡಕ್ಕೆ ಹೊರಳಿಸಿದೆನೋ ಇಲ್ಲವೋ, ದೀಪ ಒಮ್ಮೆ ಮಿಣುಕಿ ನಂದಿಹೋಯಿತು. ಹಾರ್ನೂ ಹೋಯಿತು. ಎದುರಿನಿಂದ ಒಂದು ಲಾರಿ ಬರುತ್ತಿತ್ತು. ಅದರ ಬೆಳಕಿಗೆ ನಮ್ಮ ಕಣ್ಣು ಕೋರೈಸಿತು. ಅದರ ಚಾಲಕನಿಗೆ ನಾವು ಕಂಡಿರಲಾರೆವು. ಪಕ್ಕಕ್ಕೆ ತೆಗೆದುಕೊಂಡವನು ಚರಂಡಿಗೆ ಇಳಿದೆ. ನನಗೆ ಮೊಣಕಾಲು ತರಚಿತು. ಅಪ್ಪಯ್ಯನ ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು.

ಆ ಹ್ಯಾಂಡಲಿನ ತಂತಿಗೆ ತಿಂಗಳ ಹಿಂದೆ ಜೋಡಣೆ ಹಾಕಿದವನು ನಾನೇ. ಕಡಿದಿದ್ದ ಎರಡು ತುದಿಗಳನ್ನು ಬೆರಳಿನಿಂದ ತಿರುಚಿ, ಪಂಪಿನ ಮನೆಯಲ್ಲಿ ಬಿದ್ದಿದ್ದ ಹಸಿರು ಟೇಪನ್ನು ನಾಲ್ಕು ಸುತ್ತು ಸುತ್ತಿ, ಕೆಲಸ ಮುಗಿಯಿತೆಂದು ಕೈ ತೊಳೆದುಕೊಂಡಿದ್ದೆ. ಆದರೆ ಆಸ್ಪತ್ರೆಯಲ್ಲಿ ಅಪ್ಪಯ್ಯನು ಕೇಳಿದಾಗ, “ಪೇಟೆಯಲ್ಲಿ ಯಾರೋ ರಿಪೇರಿ ಮಾಡಿದ್ದು, ಸರಿ ಮಾಡಿಲ್ಲ” ಎಂದುಬಿಟ್ಟೆ. ಆರು ವಾರ ಅಪ್ಪಯ್ಯನ ಕೈ ಪಟ್ಟಿಯಲ್ಲಿತ್ತು. ಆ ವರ್ಷ ತೋಟಕ್ಕೆ ಎರಡನೆಯ ಸಲ ಔಷಧಿ ಹೊಡೆಸುವುದು ತಡವಾಯಿತು. ಕೊನೆಗಳಿಗೆ ಕೊಳೆ ಬಂತು. ಎರಡು ಇಂಚು ತಂತಿಯ ಅಸಡ್ಡೆ ಒಂದು ಸಂಸಾರದ ವರ್ಷಾವಧಿ ಲೆಕ್ಕದೊಳಗೆ ಹೇಗೆ ಇಳಿಯುತ್ತದೆಂಬುದನ್ನು ನಾನು ಹೀಗೆ ತಿಳಿದೆ.

ಬೈಕನ್ನು ಸಾಗರದ ಒಬ್ಬ ಹಿರಿಯ ಮೇಸ್ತ್ರಿಗಳ ಅಂಗಡಿಗೆ ಒಯ್ದೆ. ಅವರು ಹೆಡ್‌ಲೈಟಿನ ಡೂಮನ್ನು ಬಿಚ್ಚಿ, ಆ ಜೋಡಣೆಯನ್ನು ಹೊರಕ್ಕೆಳೆದು, ಟೇಪನ್ನು ಬಿಡಿಸಿದರು. ಒಳಗಿನಿಂದ ಒಂದು ತೊಟ್ಟು ನೀರು ಉದುರಿತು. ತಾಮ್ರದ ಎಳೆಗಳು ಹಸಿರಾಗಿದ್ದವು. “ಇದನ್ನು ಕಟ್ಟಿದ್ದು ಯಾರು?” ಎಂದರು. ಅಲ್ಲಿ ಸುಳ್ಳು ಹೇಳಲಾಗಲಿಲ್ಲ. “ನಾನೇ” ಎಂದೆ. “ಹಾಗಾದರೆ ಬಿಚ್ಚಿ ಸರಿ ಮಾಡುವುದೂ ನೀನೇ. ಕುಳಿತುಕೋ, ತೋರಿಸುತ್ತೇನೆ” ಎಂದರು. ಮುಂದಿನ ರಜೆಯನ್ನೆಲ್ಲ ನಾನು ಅಲ್ಲಿಯೇ ಕಳೆದೆ. ಅಲ್ಲಿ ಕೈಯಿಂದ ಕಲಿತುದನ್ನೂ, ಆಮೇಲೆ ಪುಸ್ತಕಗಳಿಂದ ತಿಳಿದುದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ತಂತಿಯು ಹ್ಯಾಂಡಲಿನ ಬಳಿಯಲ್ಲಿಯೇ ಏಕೆ ಕಡಿಯುತ್ತದೆ? ಬೈಕಿನ ವೈರಿಂಗ್ ಕಿಟ್ಟಿನ ಉಳಿದ ಭಾಗವು ಚಾಸಿಗೆ ಕಟ್ಟಿಸಿಕೊಂಡು ಅಲುಗದೆ ಇರುತ್ತದೆ. ಹ್ಯಾಂಡಲಿಗೆ ಹೋಗುವ ಭಾಗಕ್ಕೆ ಆ ಭಾಗ್ಯವಿಲ್ಲ. ಹ್ಯಾಂಡಲು ನಡುವಿನಿಂದ ಎಡಕ್ಕೂ ಬಲಕ್ಕೂ ಸುಮಾರು ೪೦ ಡಿಗ್ರಿಯಷ್ಟು ಹೊರಳುತ್ತದೆ. ಹೊರಳಿದಾಗಲೆಲ್ಲ ತಂತಿ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಹುಲಿಕಲ್ ಘಾಟಿಯನ್ನೋ ಆಗುಂಬೆ ಘಾಟಿಯನ್ನೋ ಒಮ್ಮೆ ಹತ್ತಿ ಇಳಿದವರು ಹೊರಳುಗಳನ್ನು ಎಣಿಸಿಕೊಳ್ಳಲಿ. ಬಾಲ್ಯದಲ್ಲಿ ನಾವೆಲ್ಲ ಒಂದು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಮಡಚಿ ಮುರಿದವರೇ ಸರಿಯಷ್ಟೆ. ಹ್ಯಾಂಡಲಿನ ಒಳಗೂ ಆಗುವುದು ಅದೇ. ಅಲ್ಲಿ ನಿಧಾನವಾಗಿ, ಕಣ್ಣಿಗೆ ಬೀಳದಂತೆ ಆಗುತ್ತದೆ. ಇದನ್ನು ತಡೆಯಲೆಂದೇ ವಾಹನದ ತಂತಿಯನ್ನು ಒಂದೇ ದಪ್ಪ ಸರಿಗೆಯಾಗಿ ಮಾಡದೆ, ಹುರಿಯಂತೆ ಅನೇಕ ನವಿರಾದ ಎಳೆಗಳನ್ನು ಕೂಡಿಸಿ ಮಾಡಿರುತ್ತಾರೆ. ತೆಳುವಾದ ಎಳೆ ಬಾಗುವಾಗ ಅದರ ಮೇಲೆ ಬೀಳುವ ಸೆಳೆತ ಕಡಿಮೆ. ಆದರೂ ಒಂದೊಂದೇ ಎಳೆ ಕಡಿಯುತ್ತ ಬಂದು, ಉಳಿದ ಎರಡು ಮೂರು ಎಳೆಗಳ ಮೇಲೆ ಭಾರವೆಲ್ಲ ಬೀಳುವ ದಿನ ಬರುತ್ತದೆ. ಹೊರಗಿನ ಹೊದಿಕೆ ಮಾತ್ರ ಸಂಪೂರ್ಣ ಸ್ವಸ್ಥವಾಗಿ ಕಾಣುತ್ತಿರುತ್ತದೆ.

ಎರಡನೆಯದು, ಕೆಟ್ಟ ಜೋಡಣೆಯಿಂದ ಆಗುವ ನಷ್ಟ ಎಷ್ಟು? ಇದನ್ನು ಲೆಕ್ಕದಿಂದಲೇ ನೋಡಬಹುದು. ಜರ್ಮನಿಯ ಶಾಲಾ ಉಪಾಧ್ಯಾಯನಾಗಿದ್ದ ಗಿಯೋರ್ಗ್ ಓಮನು ೧೮೨೭ರಲ್ಲಿ ಪ್ರಕಟಿಸಿದ ನಿಯಮ ನಮಗೆ ಸಾಕು: ವೋಲ್ಟನ್ನು ನಿರೋಧದಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆ. ೧೨ ವೋಲ್ಟಿನ ಬೈಕಿನಲ್ಲಿ ೩೫ ವ್ಯಾಟಿನ ಹೆಡ್‌ಲೈಟು ಸುಮಾರು ೨.೯ ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಉರಿಯುವಾಗ ಅದರ ನಿರೋಧ ೪ ಓಮಿನ ಆಸುಪಾಸು. ಅರ್ಧ ಚದರ ಮಿಲಿಮೀಟರ್ ದಪ್ಪದ ಒಂದು ಮೀಟರ್ ತಾಮ್ರದ ತಂತಿಯ ನಿರೋಧವಾದರೋ ಓಮಿನ ನೂರರಲ್ಲಿ ಮೂರು ಪಾಲಿನಷ್ಟು ಮಾತ್ರ. ಈಗ ನಡುವೆ ಕಿಲುಬು ಹಿಡಿದ ಒಂದು ಜೋಡಣೆ ಅರ್ಧ ಓಮಿನಷ್ಟು ಅಡ್ಡ ನಿಂತಿತೆನ್ನೋಣ. ಅಂದರೆ ಒಂದು ಅಂಗುಲದ ಜಾಗದಲ್ಲಿ ಸುಮಾರು ೧೫ ಮೀಟರ್ ತಂತಿಯ ತಡೆಯನ್ನು ತಂದಿಟ್ಟಂತಾಯಿತು! ದೀಪಕ್ಕೆ ೧೨ ವೋಲ್ಟಿನ ಬದಲು ಹತ್ತೂಮುಕ್ಕಾಲು ವೋಲ್ಟು ತಲಪುತ್ತದೆ. ಕಳೆದುಹೋದದ್ದು ಹತ್ತರಲ್ಲಿ ಒಂದು ಪಾಲು ತಾನೆ ಎನ್ನಬಾರದು. ಕಾದ ತಂತುವಿನ ದೀಪದಲ್ಲಿ ವೋಲ್ಟು ತುಸು ಇಳಿದರೂ ಬೆಳಕು ಬಹಳ ಇಳಿಯುತ್ತದೆ. ಇಲ್ಲಿ ಸುಮಾರು ಮೂರನೆಯ ಒಂದು ಪಾಲು ಬೆಳಕೇ ಹೋಗಿರುತ್ತದೆ. ಆ ಅರ್ಧ ಓಮಿನಲ್ಲಿ ಮೂರು ವ್ಯಾಟಿಗೂ ಹೆಚ್ಚಿನ ಶಾಖ ಹುಟ್ಟಿ, ಟೇಪಿನ ಅಂಟನ್ನು ಕರಗಿಸಿ, ಹೊದಿಕೆಯನ್ನು ಮೆತ್ತಗೆ ಮಾಡುತ್ತದೆ.

ಮೈಸೂರಿನಲ್ಲಿ ೧೯೬೦ರ ದಶಕದ ಆರಂಭದಿಂದ ತಯಾರಾಗುತ್ತಿದ್ದ ಜಾವಾ ಬೈಕುಗಳನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ. ಮುಂದೆ ಯೆಜ್ದಿ ಎಂಬ ಹೆಸರಿನಿಂದ ಬೈಕುಗಳನ್ನು ಹೊರಡಿಸಿದ ಆ ಕಾರ್ಖಾನೆ ೧೯೯೬ರಲ್ಲಿ ಮುಚ್ಚಿತು. ಆ ಜಾವಾಗಳದು ೬ ವೋಲ್ಟಿನ ವ್ಯವಸ್ಥೆ. ಅಷ್ಟೇ ವ್ಯಾಟಿನ ದೀಪಕ್ಕೆ ಅಲ್ಲಿ ಇಮ್ಮಡಿ ಪ್ರವಾಹ ಬೇಕು. ಮೇಲೆ ಹೇಳಿದ ಅರ್ಧ ಓಮಿನ ಜೋಡಣೆಯನ್ನೇ ಅಲ್ಲಿ ಇಟ್ಟರೆ ದೀಪಕ್ಕೆ ದಕ್ಕುವುದು ೪ ವೋಲ್ಟು, ಬೆಳಕು ಕಾಲು ಭಾಗ. ಆ ಕಾಲದ ಸವಾರರು ಜೋಡಣೆಗಳನ್ನು ಮೇಲಿಂದ ಮೇಲೆ ಬಿಚ್ಚಿ ಉಜ್ಜುತ್ತಿದ್ದುದು ಬರಿಯ ಹವ್ಯಾಸವಾಗಿರಲಿಲ್ಲ. ಉಜ್ಜದಿದ್ದರೆ ದಾರಿ ಕಾಣುತ್ತಿರಲಿಲ್ಲ. ಇನ್ನು ೨೦೧೭ರ ಏಪ್ರಿಲಿನಿಂದ ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನು ಓಡುತ್ತಿರುವಷ್ಟು ಹೊತ್ತೂ ಮುಂದಿನ ದೀಪ ತಾನಾಗಿ ಉರಿಯುವ ಏರ್ಪಾಡು ಕಡ್ಡಾಯವಾಗಿದೆ. ಹಾಗಾಗಿ ದೀಪದ ತಂತಿಗೆ ಹಗಲಿನಲ್ಲಿಯೂ ಬಿಡುವಿಲ್ಲ.

ಮೂರನೆಯದು ನೀರಿನ ವಿಚಾರ. ಬೆಂಗಳೂರಿಗೆ ವರ್ಷಕ್ಕೆ ಸುಮಾರು ೧,೦೦೦ ಮಿಲಿಮೀಟರ್ ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗೆ ಸರಾಸರಿ ೭,೦೦೦ಕ್ಕೂ ಹೆಚ್ಚು. ಹೊಸನಗರ ತಾಲ್ಲೂಕಿನ ಹುಲಿಕಲ್ಲಂತೂ ಅದಕ್ಕೆ ಪೈಪೋಟಿ ಕೊಡುವ ಊರು. ಬೈಕನ್ನು ಓಡಿಸುವಾಗ ಈ ಮಳೆ ಮೇಲಿನಿಂದ ಮಾತ್ರ ಬೀಳುವುದಿಲ್ಲ. ಎದುರಿನಿಂದಲೂ ಚಕ್ರದ ಕೆಳಗಿನಿಂದಲೂ ಹೊಡೆಯುತ್ತದೆ. ಜೋಡಣೆಯ ಬಾಯಿಗೆ ತಾಗಿದ ನೀರು ಅಲ್ಲಿಯೇ ನಿಲ್ಲದೆ, ದೀಪದ ಬತ್ತಿಗೆ ಎಣ್ಣೆ ಏರುವಂತೆ ಎಳೆಗಳ ಸಂದಿನಲ್ಲಿ ಹೊದಿಕೆಯ ಒಳಗೊಳಗೇ ಏರುತ್ತದೆ. ತಾಮ್ರವೂ ತೇವದ ಗಾಳಿಯೂ ಕೂಡಿದಲ್ಲಿ ಹಸಿರು ಕಿಲುಬು ಹುಟ್ಟುತ್ತದೆ. ನಮ್ಮಲ್ಲಿ ಇನ್ನೊಂದು ತೊಂದರೆಯೂ ಉಂಟು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತವನ್ನು ತೋಟಕ್ಕೆ ಒಯ್ಯುವುದು ಇದೇ ಬೈಕಿನಲ್ಲಿ. ಮೈಲುತುತ್ತದ ನೀರು ವಿದ್ಯುತ್ತನ್ನೂ ಸಾಗಿಸಬಲ್ಲುದು, ಲೋಹವನ್ನೂ ತಿನ್ನಬಲ್ಲುದು. ಆ ಕೈಯಲ್ಲಿಯೇ ನಾವು ಹ್ಯಾಂಡಲಿನ ಸ್ವಿಚ್ಚನ್ನೂ ಒತ್ತುತ್ತೇವೆ!

ಇನ್ನು ಜೋಡಿಸುವ ಕ್ರಮಕ್ಕೆ ಬರೋಣ. ಮೇಸ್ತ್ರಿಗಳು ಮೊದಲು ಹೇಳಿಕೊಟ್ಟ ಸೂತ್ರ ಇದು: “ತಂತಿ ಬಾಗುವ ಕಡೆ ಗಂಟು ಹಾಕಬೇಡ.” ಹ್ಯಾಂಡಲಿನ ಕುತ್ತಿಗೆಯ ಎದುರಿನಲ್ಲಿ ತಂತಿ ಕಡಿದಿದ್ದರೆ, ಅಲ್ಲಿಯೇ ಎರಡು ತುದಿಗಳನ್ನು ಕೂಡಿಸಬಾರದು. ಕಡಿದ ಭಾಗವನ್ನು ಆಚೆಗೂ ಈಚೆಗೂ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ, ಸಾಧ್ಯವಾದರೆ ಅದೇ ಬಣ್ಣದ ಹೊಸ ತುಂಡನ್ನು ನಡುವೆ ಇಟ್ಟು, ಎರಡು ಜೋಡಣೆಗಳೂ ಅಲುಗದ ಜಾಗದಲ್ಲಿ, ಎಂದರೆ ಒಂದು ಡೂಮಿನ ಒಳಗೆ, ಇನ್ನೊಂದು ಟ್ಯಾಂಕಿನ ಅಡಿಯಲ್ಲಿ ಬೀಳುವಂತೆ ಮಾಡಬೇಕು. ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚುವುದನ್ನು ಮರೆಯಬಾರದು.

ಜೋಡಣೆಯಲ್ಲಿ ಮೂರು ಬಗೆ. ಬರಿಯ ತಿರುಚು ಮೊದಲನೆಯದು. ಅದು ಮನೆ ಸೇರುವವರೆಗಿನ ಉಪಾಯವೇ ಹೊರತು ಜೋಡಣೆಯಲ್ಲ. ಎರಡನೆಯದು ಸೀಸ ತವರಗಳ ಬೆಸುಗೆ. ೬೦ ಪಾಲು ತವರ, ೪೦ ಪಾಲು ಸೀಸದ ಬೆಸುಗೆಸರಿಗೆ ೧೮೩ ಡಿಗ್ರಿಯಲ್ಲಿ ಕರಗತೊಡಗುತ್ತದೆ. ಸರಿಗೆಯನ್ನು ಕಾದ ಕಬ್ಬಿಣಕ್ಕೆ ತಾಗಿಸದೆ, ಕಬ್ಬಿಣದಿಂದ ತಂತಿಯನ್ನು ಕಾಯಿಸಿ, ಆ ತಂತಿಯ ಬಿಸಿಗೇ ಅದು ಕರಗಿ ಒಳಕ್ಕೆ ಹರಿಯುವಂತೆ ಮಾಡಬೇಕು. ತಂತಿಯ ಮೈ ಶುದ್ಧಿಗೆ ರಾಳವನ್ನು ಬಳಸಬೇಕೇ ಹೊರತು ತಗಡಿನ ಕೆಲಸದವರ ಆಮ್ಲವನ್ನಲ್ಲ. ಆಮ್ಲ ಉಳಿದಲ್ಲಿ ತಾಮ್ರ ಕರಗುತ್ತದೆ. ಗಾಳಿಯಾಡುವಲ್ಲಿ ಕುಳಿತು ಈ ಕೆಲಸ ಮಾಡಬೇಕು, ಸೀಸ ಮುಟ್ಟಿದ ಕೈಯನ್ನು ತೊಳೆದೇ ಊಟಕ್ಕೆ ಕೂರಬೇಕು. ಬೆಸುಗೆಯಲ್ಲಿ ಒಂದು ಕುಂದಿದೆ. ಕರಗಿದ ತವರ ಎಳೆಗಳೊಳಗೆ ಹರಿದು ಅಷ್ಟುದ್ದ ತಂತಿಯನ್ನು ಕಡ್ಡಿಯಂತೆ ಪೆಡಸು ಮಾಡುತ್ತದೆ. ಪೆಡಸು ಮುಗಿದು ಮೆತ್ತಗಿನ ತಂತಿ ಆರಂಭವಾಗುವ ಅಂಚಿನಲ್ಲಿಯೇ ಮುಂದೆ ಎಳೆಗಳು ಮುರಿಯುತ್ತವೆ. ಆದುದರಿಂದ ಬೆಸುಗೆಯ ಎರಡೂ ಕಡೆಗೆ ಆಧಾರ ಕೊಟ್ಟು ಕಟ್ಟುವುದು ಅವಶ್ಯ.

ಮೂರನೆಯದು ಕ್ರಿಂಪಿಂಗ್. ತಾಮ್ರದ ಚಿಕ್ಕ ನಳಿಗೆಯಲ್ಲಿ ಎರಡು ತುದಿಗಳನ್ನೂ ತೂರಿಸಿ, ಅದಕ್ಕೆಂದೇ ಇರುವ ಇಕ್ಕಳದಿಂದ, ಎಳೆಗೂ ಎಳೆಗೂ ನಡುವೆ ಗಾಳಿಗೆ ಎಡೆಯಿಲ್ಲದಷ್ಟು ಬಿಗಿಯಾಗಿ ಒತ್ತುವುದು. ಶಾಖವಿಲ್ಲ, ಪೆಡಸೂ ಮುಂದಕ್ಕೆ ಹರಿಯುವುದಿಲ್ಲ. ವಾಹನಗಳ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಈ ಕ್ರಮವನ್ನೇ ಅನುಸರಿಸುವುದಕ್ಕೆ ಇದೇ ಕಾರಣ. ಆದರೆ ಮನೆಯ ಕಟಿಂಗ್ ಪ್ಲೇಯರಿನಲ್ಲಿ ಚಪ್ಪಟೆ ಮಾಡಿದರೆ ಅದು ಕ್ರಿಂಪಿಂಗ್ ಆಗದು. ನಳಿಗೆ ತಂತಿಯ ದಪ್ಪಕ್ಕೆ ಸರಿಹೊಂದಬೇಕು. ಒತ್ತಿದ ಮೇಲೆ ಎರಡು ಕೈಗಳಿಂದ ಎಳೆದು ನೋಡಬೇಕು. ಕೈಗೆ ಬರುವಂತಿದ್ದರೆ ದಾರಿಯಲ್ಲಿಯೂ ಬಂದೇ ಬರುತ್ತದೆ. ಮೂರು ನಾಲ್ಕು ತಂತಿಗಳನ್ನು ಒಟ್ಟಿಗೆ ಜೋಡಿಸುವಾಗ ಜೋಡಣೆಗಳೆಲ್ಲ ಒಂದೇ ಕಡೆ ಬರದಂತೆ ಎರಡೆರಡು ಅಂಗುಲ ಹಿಂದೆ ಮುಂದೆ ಮೆಟ್ಟಿಲಾಗಿ ಹಾಕಬೇಕು. ಆಗ ಹೊದಿಕೆ ಹರಿದರೂ ಒಂದರ ಬೆತ್ತಲೆ ಇನ್ನೊಂದನ್ನು ಮುಟ್ಟುವುದಿಲ್ಲ, ಕಟ್ಟೂ ಗೆಡ್ಡೆಯಂತೆ ಊದಿಕೊಳ್ಳುವುದಿಲ್ಲ.

ರಕ್ಷಣೆಗೆ ಇಂದು ದೊರೆಯುವ ಒಳ್ಳೆಯ ವಸ್ತು, ಶಾಖಕ್ಕೆ ಕುಗ್ಗುವ ಕೊಳವೆ. ಅಂಗಡಿಯಲ್ಲಿ ಹೀಟ್ ಶ್ರಿಂಕ್ ಸ್ಲೀವ್ ಎಂದರೆ ಕೊಡುತ್ತಾರೆ. ಬಿಸಿಗಾಳಿ ತಾಗಿದೊಡನೆ ಅದು ಅರ್ಧದಷ್ಟು ಅಗಲಕ್ಕೆ ಕುಗ್ಗಿ ತಂತಿಯನ್ನು ಅಪ್ಪುತ್ತದೆ. ಒಳಮೈಗೆ ಅಂಟು ಸವರಿದ ಬಗೆಯೇ ನಮ್ಮ ಸೀಮೆಗೆ ತಕ್ಕುದು. ಅಂಟು ಕರಗಿ ಎರಡೂ ಬಾಯಿಗಳನ್ನು ಮುಚ್ಚುತ್ತದೆ. ಜೋಡಣೆಯ ಎರಡೂ ಕಡೆ ಒಂದೊಂದು ಸೆಂಟಿಮೀಟರಾದರೂ ಅದು ಮುಂದಕ್ಕೆ ಚಾಚಿರಬೇಕು. ಕೊಳವೆಯನ್ನು ತಂತಿಗೆ ತೂರಿಸಬೇಕಾದದ್ದು ಜೋಡಿಸುವ ಮೊದಲು. ನಾನು ಮೂರು ಸಲ ಜೋಡಿಸಿದ ಮೇಲೆ ನೆನಪಿಸಿಕೊಂಡು, ಮೂರು ಸಲವೂ ಕತ್ತರಿಸಿ ಮತ್ತೆ ಮಾಡಿದ್ದೇನೆ. ಮೇಸ್ತ್ರಿಗಳು ಏನೂ ಅನ್ನದೆ ಕತ್ತರಿಯನ್ನು ಮುಂದಕ್ಕೆ ತಳ್ಳುತ್ತಿದ್ದರು, ಅಷ್ಟೆ.

ಆದರೆ ಎಲ್ಲವನ್ನೂ ಮುಚ್ಚಿಬಿಡುವುದೇ ರಕ್ಷಣೆಯಲ್ಲ. ನನ್ನ ಮಟ್ಟಿಗೆ ಈ ಲೇಖನದ ತಿರುಳಿರುವುದು ಇಲ್ಲಿಯೇ. ಜೋಡಣೆಯನ್ನು ಮುಚ್ಚಬೇಕು, ಜೋಡಣೆಯಿರುವ ಜಾಗಕ್ಕೆ ನೀರು ಹೊರಗೆ ಹೋಗುವ ದಾರಿಯನ್ನು ಬಿಡಬೇಕು. ತಂತಿಗಳ ಕಟ್ಟಿಗೆ ಹಾಕುವ ಉದ್ದನೆಯ ಹೊರಕೊಳವೆಯ ಬಾಯಿ ಮೇಲ್ಮುಖವಾಗಿದ್ದರೆ ಅದು ಮಳೆಗಾಲದ ದೋಣಿಯಂತೆ ನೀರನ್ನು ಕೂಡಿಸಿಕೊಳ್ಳುತ್ತದೆ. ಮೇಲಿನ ತುದಿ ಬಿಗಿಯಾಗಿರಬೇಕು, ಕೆಳಗಿನ ತುದಿ ತೆರೆದಿರಬೇಕು. ಸ್ವಿಚ್ಚಿನಿಂದ ಇಳಿಯುವ ತಂತಿ ನೇರವಾಗಿ ಡೂಮಿನೊಳಗೆ ನುಗ್ಗದೆ, ಸ್ವಲ್ಪ ಕೆಳಕ್ಕೆ ಜೋತು ಮತ್ತೆ ಏರಿ ಒಳಹೋಗಬೇಕು. ಆಗ ಅದರ ಮೇಲೆ ಹರಿದು ಬಂದ ನೀರು ಜೋತ ತುದಿಯಲ್ಲಿ ತೊಟ್ಟಿಕ್ಕಿ ಬೀಳುತ್ತದೆ. ಆ ಜೋತು, ಹ್ಯಾಂಡಲು ಪೂರ್ತಿ ಹೊರಳಿದಾಗ ತಂತಿ ಬಿಗಿಯದಂತೆ ಸಡಿಲನ್ನೂ ಕೊಡುತ್ತದೆ. ಡೂಮಿನ ಅಡಿಯಲ್ಲಿರುವ ಸಣ್ಣ ರಂಧ್ರವನ್ನು ಕೆಸರು ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸಬೇಕು. ತಂತಿ ತಗಡಿನ ರಂಧ್ರವನ್ನು ದಾಟುವಲ್ಲಿ ರಬ್ಬರಿನ ಬಳೆ ಇರಲೇಬೇಕು.

ಇದನ್ನು ಮೇಸ್ತ್ರಿಗಳು ಹೇಳುತ್ತಿದ್ದಾಗ ನನಗೆ ನಮ್ಮ ತೋಟ ಕಣ್ಣಿಗೆ ಕಟ್ಟಿತು. ಔಷಧಿ ಬರುವುದಕ್ಕೆ ಮೊದಲು ನಮ್ಮ ಹಿರಿಯರು ಮಳೆ ಹಿಡಿಯುವ ಮುನ್ನ ಅಡಿಕೆಯ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು: ಮೇಲೆ ಬಿಗಿ, ಕೆಳಗೆ ಬಯಲು. ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ೧೯೧೦ರ ಸುಮಾರಿಗೆ ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಮಳೆಗೆ ತೊಳೆದುಹೋಗದಂತೆ ಆ ದ್ರಾವಣಕ್ಕೆ ಸೇರಿಸುವ ಅಂಟುಗಳಲ್ಲಿ ರಾಳವೂ ಒಂದು. ಬೆಸುಗೆಯಲ್ಲಿ ತಂತಿಯ ಮೈಯನ್ನು ಶುದ್ಧಮಾಡುವುದೂ ಅದೇ ರಾಳ. ಮಳೆಯನ್ನು ನಿಲ್ಲಿಸಲಾಗದು, ಅದಕ್ಕೆ ದಾರಿ ಮಾಡಿಕೊಡಬೇಕೆಂಬುದು ತೋಟದಲ್ಲಿ ನಮಗೆ ಹೊಸ ಪಾಠವೇನಲ್ಲ. ಬೈಕಿನ ಮುಂದೆ ನಿಂತಾಗ ಮಾತ್ರ ಅದನ್ನು ಮರೆಯುತ್ತೇವೆ.

ಕೆಲಸ ಮುಗಿದ ಮೇಲೆ ಪರೀಕ್ಷೆ ಹೀಗೆ. ಬ್ಯಾಟರಿಯ ತಂತಿಯನ್ನು ಮತ್ತೆ ಕೂಡಿಸಿ, ದೀಪ ಹೊತ್ತಿಸಿ, ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ಹತ್ತು ಸಲ ಹೊರಳಿಸಬೇಕು. ಎರಡೂ ತುದಿಗಳಲ್ಲಿ ಹಾರ್ನನ್ನು ಒತ್ತಿ ನೋಡಬೇಕು. ದೀಪ ಒಮ್ಮೆ ಮಿಣುಕಿದರೂ ಕೆಲಸ ಮುಗಿದಿಲ್ಲವೆಂದೇ ಅರ್ಥ. ಫ್ಯೂಸು ಹೋದರೆ ಅದೇ ಆಂಪಿಯರಿನ ಫ್ಯೂಸನ್ನೇ ಹಾಕಬೇಕು. ತಂತಿಯ ತುಂಡನ್ನೋ ಸಿಗರೇಟಿನ ಕಾಗದವನ್ನೋ ಇಟ್ಟರೆ, ಮುಂದೆ ಸುಡುವುದು ಕಿಟ್ಟು. ಇವೆಲ್ಲವನ್ನೂ ಜ್ಯೇಷ್ಠದ ಮಳೆಗೆ ಮುಂಚೆ, ರೋಹಿಣಿಯ ಬಿಸಿಲಿರುವಾಗಲೇ ಮಾಡಿ ಮುಗಿಸುವುದು ಜಾಣತನ.

ಅಪ್ಪಯ್ಯನ ಕೈಯ ಪಟ್ಟಿ ಬಿಚ್ಚಿದ ವಾರ, ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕುಳಿತಿದ್ದವನ ಬಳಿಗೆ ಹೋಗಿ, “ಆ ಜೋಡಣೆ ಹಾಕಿದ್ದು ನಾನೇ, ಪೇಟೆಯವರಲ್ಲ” ಎಂದು ಹೇಳಿದೆ. ಅವನು ಕತ್ತಿಯಿಂದ ಕಣ್ಣು ತೆಗೆಯಲಿಲ್ಲ. “ಗೊತ್ತಿತ್ತು ಮಾರಾಯ. ಚರಂಡಿಯಲ್ಲಿ ಬಿದ್ದಾಗ ಯಾರೋ ಟಾರ್ಚು ಬಿಟ್ಟರಲ್ಲ, ಡೂಮಿನಿಂದ ಹಸಿರು ಟೇಪು ನೇತಾಡುತ್ತಿತ್ತು. ಅದು ನಮ್ಮ ಪಂಪಿನ ಮನೆಯದ್ದು” ಎಂದನು. ಸ್ವಲ್ಪ ಹೊತ್ತಿನ ಮೇಲೆ, “ಈಗ ಸರಿ ಮಾಡಲಿಕ್ಕೆ ಬರುತ್ತದಾ?” ಎಂದು ಕೇಳಿದನು. ಬರುತ್ತದೆ ಎಂದೆ. “ಹಾಗಾದರೆ ನಾಳೆ ಸಾಗರಕ್ಕೆ ಹೋಗಿ ಬರುವ. ಕಣ್ಣಿಗೆ ಮತ್ತೊಮ್ಮೆ ತೋರಿಸಬೇಕು” ಎಂದನು.

ಮರುದಿನ ಹೋಗಿಬಂದೆವು. ಬರುವಾಗ ಅದೇ ತಿರುವಿನಲ್ಲಿ ಕತ್ತಲಾಗಿತ್ತು, ಮಳೆಯೂ ಇತ್ತು. ದೀಪ ಉರಿಯುತ್ತಲೇ ಇತ್ತು. ಸಹಪಾಠಿಗಳಲ್ಲಿ ಯಾರ ಬೈಕಿನ ದೀಪವಾದರೂ ಹ್ಯಾಂಡಲು ಹೊರಳಿದಾಗ ಮಿಣುಕುತ್ತಿದ್ದರೆ, ಮಳೆ ಹಿಡಿಯುವ ಮೊದಲು ಒಂದು ಭಾನುವಾರ ನಮ್ಮ ಮನೆಯ ಕಡೆ ಬರಬಹುದು. ನನಗೆ ತಿಳಿದಷ್ಟನ್ನು ಕೂತು ತೋರಿಸುತ್ತೇನೆ. ತಿಳಿಯದುದಕ್ಕೆ ಸಾಗರದ ಮೇಸ್ತ್ರಿಗಳಿದ್ದಾರೆ.